ಕ್ಯೋಟೊದ ಸಾಣೆಕಲ್ಲು ಗೀರು ಬಿಡುತ್ತಿದೆ, ತಪ್ಪು ಕಲ್ಲಿನದೋ ನನ್ನದೋ?

ಹೊಸಅಲಗು

ನಮಸ್ಕಾರ. ಆರು ತಿಂಗಳಿಂದ ಇಲ್ಲಿ ಸುಮ್ನೆ ಓದುತ್ತಾ ಕೂತಿದ್ದೆ. ಇವತ್ತು ಕೇಳಲೇಬೇಕಾಗಿದೆ.

ಜಪಾನಿಗೆ ಹೋಗಿದ್ದ ಗೆಳೆಯನ ಕೈಲಿ ಒಂದು ನೈಸರ್ಗಿಕ ಸಾಣೆಕಲ್ಲು ತರಿಸಿದೆ. ತೆನ್ನೆನ್ ತೊಯಿಶಿ ಅಂತಾರಲ್ಲ, ಅದೇ. ತಿಳಿ ಹಳದಿ ಬಣ್ಣ, ಅಲ್ಲಲ್ಲಿ ಬೂದು ಛಾಯೆ. ಅಂಗಡಿಯವರು ಚೀಟಿಯಲ್ಲಿ 'ತೊಮಾಯೆ' ಅಂತ ಬರೆದು ಅಂಟಿಸಿದ್ದಾರೆ. ಗ್ರಿಟ್, ಅಂದರೆ ಕಣ ಎಷ್ಟು ನುಣುಪು ಅನ್ನುವ ಅಂಕಿ, ಎಲ್ಲೂ ಇಲ್ಲ. ಬೆಲೆ ಹೇಳಿದರೆ ಮನೆಯಲ್ಲಿ ಗೊತ್ತಾಗಿಬಿಡುತ್ತದೆ, ಬಿಡಿ.

ಕಿಂಗ್ 1000 ಅನ್ನುವ ಕಾರ್ಖಾನೆ ಕಲ್ಲಿನಲ್ಲಿ ಚಾಕು ಮಸೆದು ನೇರ ಇದರ ಮೇಲೆ ಹಿಡಿದೆ. ಕನ್ನಡಿ ಹೊಳಪು ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ಮಂಕು, ಅದರ ಮೇಲೆ ಉದ್ದುದ್ದ ಗೀರು. ಟೊಮೆಟೊ ಸಿಪ್ಪೆಯ ಮೇಲೆ ಅಲಗು ಜಾರುತ್ತದೆ. 1000ದ ಕಲ್ಲಿನಿಂದ ಎದ್ದಾಗಲೇ ಚೆನ್ನಾಗಿ ಕತ್ತರಿಸುತ್ತಿತ್ತು! ನಾನು ಮೋಸ ಹೋದೆನಾ?

ಉಳಿಬಾಚಿ

ಮೋಸ ಹೋಗಿಲ್ಲ ಅನ್ನಿಸುತ್ತದೆ. ಆದರೆ ನಾಲ್ಕು ವಿಷಯ ಬೇಕು. ಚಾಕು ಯಾವ ಉಕ್ಕು? ಕಲ್ಲನ್ನು ನೀರಲ್ಲಿ ನೆನೆಸಿದ್ರಾ? ಮಸೆಯುವ ಮೊದಲು ಕಲ್ಲನ್ನು ತೇದು ಕೆಸರು ಎಬ್ಬಿಸಿದ್ದು ಯಾವುದರಿಂದ? ಗೀರು ಅಲಗಿನ ಉದ್ದಕ್ಕೂ ಇದೆಯೋ, ಒಂದೇ ಜಾಗದಲ್ಲೋ?

ಹೊಸಅಲಗು

ಎರಡು ಚಾಕು ಇವೆ. ಒಂದು ವಿಜಿ-10 ಸ್ಟೇನ್‌ಲೆಸ್. ಇನ್ನೊಂದು ತರಕಾರಿ ಹೆಚ್ಚುವ ನಕಿರಿ, ಒಳಗೆ ಶಿರೊಗಾಮಿ ಅನ್ನುವ ಇಂಗಾಲದ ಉಕ್ಕು, ಎರಡೂ ಬದಿಗೆ ಮೆದು ಕಬ್ಬಿಣ. ಮೊದಲು ಸ್ಟೇನ್‌ಲೆಸ್ ಮೇಲೆ ಪ್ರಯೋಗ ಮಾಡಿದೆ, ನಕಿರಿ ಹಾಳಾಗಬಾರದು ಅಂತ.

ಕಲ್ಲನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ನೆನೆಸಿದ್ದೆ. ಕೆಸರಿಗೆ ಹೊಸ ಡೈಮಂಡ್ ಪ್ಲೇಟ್, ವಜ್ರದ ಕಣ ಅಂಟಿಸಿದ ಲೋಹದ ತಟ್ಟೆ. ಗೀರು ಎಲ್ಲ ಕಡೆ ಇದೆ.

ಉಳಿಬಾಚಿ

ಅಯ್ಯೋ, ಬಕೆಟ್‌ನಿಂದ ತೆಗೆದಿದ್ದೀರಿ ತಾನೇ?

ಕಿಂಗ್ 1000 ನೀರು ಕುಡಿಯುವ ಕಲ್ಲು. ಗುಳ್ಳೆ ನಿಲ್ಲುವವರೆಗೆ ನೆನೆಸಬೇಕು. ಇದು ಹಾಗಲ್ಲ. ಪದರ ಪದರವಾಗಿ ಕೂತ ಕಲ್ಲು. ನೀರು ಪದರದೊಳಗೆ ಇಳಿದು ಒಣಗಿ, ಮತ್ತೆ ಇಳಿದು ಒಣಗಿ, ಒಂದು ದಿನ ಹಪ್ಪಳದ ಹಾಗೆ ಬಿಟ್ಟುಕೊಳ್ಳುತ್ತದೆ. ಮೇಲೆ ನೀರು ಚಿಮುಕಿಸಿದರೆ ಸಾಕು. ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ನಾಲ್ಕು ಬದಿಗೂ ಅಡಿಗೂ ವಾರ್ನಿಶ್ ಹಚ್ಚಿ, ಮೇಲ್ಮೈ ಮಾತ್ರ ಬಿಡಿ. ಜಪಾನಿನಲ್ಲಿ ಉರುಶಿ ಅನ್ನುವ ಮರದ ರಸದ ಮೆರುಗು ಹಚ್ಚುವುದು ಹಳೇ ಕ್ರಮ. ಈಗ ಗೇರು ಎಣ್ಣೆಯಿಂದ ಮಾಡಿದ ಪೇಂಟ್ ಹಚ್ಚುತ್ತಾರೆ, 'ಕ್ಯಾಶೂ' ಅಂತಲೇ ಕರೆಯುತ್ತಾರೆ.

ಡೈಮಂಡ್ ಪ್ಲೇಟ್ ಹೊಸದು ಅಂದ್ರಿ. ಅದರ ಮೇಲೆ ನನಗೆ ಅನುಮಾನ ಇದೆ. ಹೊಸ ಪ್ಲೇಟಿನಿಂದ ಸಡಿಲ ವಜ್ರದ ಕಣ ಉದುರಿ ಕಲ್ಲಿನಲ್ಲಿ ಸಿಕ್ಕಿಕೊಂಡರೆ ಗೀರು ಗ್ಯಾರಂಟಿ. ಕಲ್ಲನ್ನು ಬ್ರಷ್ ಹಾಕಿ ತೊಳೆಯಿರಿ. ಪ್ಲೇಟನ್ನು ಮೊದಲು ಯಾವುದಾದರೂ ಅಗ್ಗದ ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ ಪಳಗಿಸಿ.

ಸಾವಿರಗ್ರಿಟ್

ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ಅಡುಗೆಮನೆಗೆ ಇದು ಬೇಕಾಗಿಯೇ ಇಲ್ಲ. ಒಂದು 1000, ಒಂದು 3000, ಹಳೇ ಬೆಲ್ಟಿನ ತುಂಡು. ಇಪ್ಪತ್ತು ವರ್ಷದಿಂದ ನನ್ನ ಚಾಕು ಕೂದಲು ಕತ್ತರಿಸುತ್ತಿದೆ. ಕಾರ್ಖಾನೆ ಕಲ್ಲಿನಲ್ಲಿ ಎಲ್ಲ ಕಣವೂ ಒಂದೇ ಗಾತ್ರ. ಇವತ್ತು ಕೊಂಡ ಕಲ್ಲೂ ಹತ್ತು ವರ್ಷದ ನಂತರ ಕೊಳ್ಳುವ ಕಲ್ಲೂ ಒಂದೇ. ನಿಮ್ಮ ತೊಮಾಯೆ ಹಾಗೆ ಇರುತ್ತದಾ?

ಹೊಸಅಲಗು

ಸರ್, ದುಡ್ಡು ಹೋಗಿಯಾಗಿದೆ. ಈಗ ಸಮಾಧಾನ ಹೇಳಿ.

ಕಲ್ಲುಮೇಷ್ಟ್ರು

ಮಸೆಯುವುದು ನನಗೆ ಬಾರದು. ಕಲ್ಲು ಪಾಠ ಮಾಡಿ ನಿವೃತ್ತನಾದವನು. ಹಾಗಾಗಿ ಕಲ್ಲಿನ ಕಡೆಯಿಂದ ಒಂದೆರಡು ಮಾತು.

ಇದು ಸಮುದ್ರದ ತಳದ ಕೆಸರು. ಕಡಲ ದಡದ ಮರಳಲ್ಲ, ನಡು ಸಾಗರದ ಆಳದ್ದು. ಅಲ್ಲಿಗೆ ನದಿಯ ಮಣ್ಣು ತಲುಪುವುದಿಲ್ಲ. ಗಾಳಿಯಲ್ಲಿ ತೇಲಿ ಬಂದ ನುಣ್ಣನೆ ಧೂಳು, ರೇಡಿಯೊಲೇರಿಯಾ ಅನ್ನುವ ಕಣ್ಣಿಗೆ ಕಾಣದ ಜೀವಿಗಳ ಸಿಲಿಕಾ ಚಿಪ್ಪು, ಇಷ್ಟೇ ಬೀಳುವುದು. ಒಂದು ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರ್ ಕೂಡಿದರೆ ಹೆಚ್ಚು. ಆಮೇಲೆ ಸಾಗರದ ತಟ್ಟೆ ಸರಿದು ಬಂದು ಏಷ್ಯಾದ ಅಂಚಿನ ಕೆಳಗೆ ನುಗ್ಗುವಾಗ ಮೇಲಿನ ಈ ಪದರಗಳು ಕೆರೆದು ಅಂಟಿಕೊಂಡವು, ದೋಸೆ ಹೆಂಚಿನ ಮೇಲಿನದನ್ನು ಸಟ್ಟುಗದಿಂದ ಎಬ್ಬಿದ ಹಾಗೆ. ಕ್ಯೋಟೊ ಸುತ್ತಿನ ಆ ಪಟ್ಟಿಗೆ ಭೂವಿಜ್ಞಾನಿಗಳು ತಂಬಾ ವಲಯ ಅಂತಾರೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಆ ಆಳಕಡಲ ಪದರಗಳಲ್ಲಿ ಬಹುಪಾಲು ಚರ್ಟ್, ಅಂದರೆ ಸಿಲಿಕಾ ಚಿಪ್ಪುಗಳಿಂದಲೇ ಆದ ಗಡಸು ಕಲ್ಲು. ಅಲ್ಲಿನವರು ಸಾಣೆಕಲ್ಲಿಗೆ ಆರಿಸಿದ್ದು ಅದನ್ನಲ್ಲ. ನಡುವೆ ಒಂದು ಕಡೆ ಚರ್ಟ್ ಕಡಿಮೆಯಾಗಿ ಜೇಡಿ ಜಾಸ್ತಿಯಾದ ಪದರ ಬರುತ್ತದೆ. ಅದು ಸುಮಾರು 25 ಕೋಟಿ ವರ್ಷ ಹಿಂದಿನದು, ಭೂಮಿಯ ಮೇಲೆ ಆದ ಅತಿ ದೊಡ್ಡ ಜೀವನಾಶದ ಆಸುಪಾಸಿನದು. ಸಾಗರದಲ್ಲಿ ರೇಡಿಯೊಲೇರಿಯಾಗಳೇ ವಿರಳವಾದ ಕಾಲ. ಚಿಪ್ಪು ಬೀಳುವುದು ಕಡಿಮೆಯಾಯಿತು, ಧೂಳು ಬೀಳುತ್ತಲೇ ಇತ್ತು. ಆ ಪದರವನ್ನು ಜಪಾನಿನ ಭೂವಿಜ್ಞಾನದ ಪ್ರಬಂಧಗಳಲ್ಲೂ 'ತೊಯಿಶಿ ಬಗೆಯ' ಶೇಲ್ (ಜೇಡಿ ಗಟ್ಟಿಯಾಗಿ ಆದ ಕಲ್ಲು) ಅಂತಲೇ ಬರೆಯುತ್ತಾರೆ. ಸಾಣೆಕಲ್ಲು ಅನ್ನುವ ಅಡ್ಡಹೆಸರು ಪಾಠಪುಸ್ತಕದೊಳಗೆ ಹೊಕ್ಕಿದೆ ನೋಡಿ.

ಕೊನೆಗೆ ಉಳಿಯುವುದು ನುಣ್ಣನೆ ಕ್ವಾರ್ಟ್ಸ್, ಅದನ್ನು ಹಿಡಿದುಕೊಂಡ ಅಭ್ರಕದ ಜಾತಿಯ ಜೇಡಿ. ಕೊರೆಯುವುದು ಮೊದಲನೆಯದು, ಬಿಟ್ಟುಕೊಡುವುದು ಎರಡನೆಯದು.

ನೊರೆಬ್ರಷ್

ಮೇಷ್ಟ್ರೇ, ಇನ್ನು ಮೇಲೆ ಗಡ್ಡ ಹೆರೆಯುವಾಗ ಭಯಭಕ್ತಿ ಬರುತ್ತದೆ.

ಕಾಮೊದಂಡೆ

ಕ್ಯೋಟೊದಲ್ಲಿ ಕೆಲಸ ಮಾಡುತ್ತೇನೆ, ಏಳು ವರ್ಷ ಆಯಿತು. ಕಲ್ಲಿನ ಹೆಸರುಗಳ ಗೋಜಲು ಸ್ವಲ್ಪ ಬಿಡಿಸುತ್ತೇನೆ.

ನಗರದ ವಾಯುವ್ಯಕ್ಕೆ ತಕಾವೊ, ಉಮೆಗಹಾತಾ, ನರುತಾಕಿ ಕಡೆ ಬೆಟ್ಟಗಳಿವೆ. ನಕಯಾಮಾ, ಓಝುಕು ಅಂತ ನೀವು ಕೇಳುವ ದುಬಾರಿ ಹೆಸರುಗಳೆಲ್ಲ ಅಲ್ಲಿನ ಹಳೇ ಗಣಿಗಳು. ಈಗ ಮುಚ್ಚಿವೆ. ಅಂಗಡಿಯಲ್ಲಿರುವುದು ಹಿಂದೆ ತೆಗೆದು ಇಟ್ಟ ಮಾಲು. ಬೆಟ್ಟದ ಆಚೆ ಕಮೆಯೋಕ ಕಡೆ ಇತ್ತೀಚಿನವರೆಗೂ ಅಗೆಯುವವರು ಇದ್ದರು. ಅಲ್ಲಿ ಸಾಣೆಕಲ್ಲಿಗೇ ಒಂದು ಪುಟ್ಟ ಮ್ಯೂಸಿಯಂ ಇದೆ, ತೆನ್ನೆನ್ ತೊಯಿಶಿ ಕಾನ್ ಅಂತ. ನಾನು ಹೋಗಿದ್ದು ಕಾರು ಕೆಟ್ಟ ಕಾರಣಕ್ಕೆ, ಅದು ಬೇರೆ ಕಥೆ.

ತೊಮಾಯೆ ಅನ್ನುವುದು ಗಣಿಯ ಹೆಸರಲ್ಲ, ಪದರದ ಹೆಸರು. ಸುಯಿತಾ ಇನ್ನೊಂದು ಪದರ, ಅದರಲ್ಲಿ ಸಣ್ಣ ಸಣ್ಣ ತೂತು ಇರುತ್ತವೆ. ಇನ್ನು ಬಣ್ಣ, ಕಲೆಗಳ ಹೆಸರು ಕೇಳಿದರೆ ಖುಷಿಯಾಗುತ್ತದೆ. ಕಪ್ಪು ಮಚ್ಚೆ ಇದ್ದರೆ ಕರಾಸು, ಅಂದರೆ ಕಾಗೆ. ಚುಕ್ಕಿ ಚುಕ್ಕಿ ಇದ್ದರೆ ಗೊಮಾ, ಎಳ್ಳು. ಕೆಂಪು ಛಾಯೆಯ ಚುಕ್ಕಿ ರೆಂಗೆ, ಕಮಲದ ಹೂವು. ನಶಿಜಿ ಅಂದರೆ ಪಿಯರ್ ಹಣ್ಣಿನ ಸಿಪ್ಪೆ. ಹೆಸರು ಚೆಂದ ಇದ್ದಷ್ಟೂ ಬೆಲೆ ಏರುತ್ತದೆ. ಮಸೆಯುವ ಗುಣಕ್ಕೂ ಕಮಲಕ್ಕೂ ಅಷ್ಟೇನೂ ನಂಟಿಲ್ಲ, ಇದು ನನ್ನ ಅಭಿಪ್ರಾಯ. ಕಲ್ಲಿನ ಮೇಲೆ ಒತ್ತಿರುವ ಮುದ್ರೆಯನ್ನಂತೂ ನಂಬಲೇಬೇಡಿ. ಕಲ್ಲಿಗಿಂತ ಮುದ್ರೆ ಮಾಡುವುದು ಸುಲಭ.

ಉಳಿಬಾಚಿ

ಈಗ ಅಸಲು ವಿಷಯಕ್ಕೆ ಬರೋಣ. ಹೊಸಅಲಗು ಅವರೇ, ನೀವು ಕನ್ನಡಿ ಕೇಳಿದಿರಿ. ಈ ಕಲ್ಲು ಕೊಡುವುದು ಮಂಜು. ಜಪಾನಿನವರೇ ಅದನ್ನು ಕಸುಮಿ ಅಂತಾರೆ, ಬೆಳಗಿನ ಹೊತ್ತು ಬೆಟ್ಟದ ಮೇಲೆ ತೆಳುವಾಗಿ ಕೂರುವ ಮಂಜು.

ನಕಿರಿ ಹೇಗೆ ಮಾಡಿರುತ್ತಾರೆ? ನಡುವೆ ಹಗಾನೆ, ಗಟ್ಟಿ ಉಕ್ಕು. ಅದನ್ನು ಅಪ್ಪಿಕೊಂಡು ಜಿಗಾನೆ, ಮೆದು ಕಬ್ಬಿಣ. ಕಾರ್ಖಾನೆ ಕಲ್ಲಿನ ಕಣ ಅಂಟಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದು ಎರಡರ ಮೇಲೂ ನೇರ ಗೆರೆ ಎಳೆಯುತ್ತದೆ, ಎರಡೂ ಒಂದೇ ಥರ ಹೊಳೆಯುತ್ತವೆ. ನೈಸರ್ಗಿಕ ಕಲ್ಲಿನಲ್ಲಿ ಹಾಗಲ್ಲ. ಕಣ ಬಿಟ್ಟುಕೊಂಡು ಕೆಸರಾಗುತ್ತದೆ. ಆ ಕೆಸರು ಉಕ್ಕಿಗೂ ಕಲ್ಲಿಗೂ ನಡುವೆ ಉರುಳುತ್ತದೆ. ಉರುಳುವ ಕಣ ಮೆದು ಕಬ್ಬಿಣದ ಮೇಲೆ ಸಣ್ಣ ಸಣ್ಣ ಗುಳಿ ಒತ್ತುತ್ತದೆ, ಅದು ಬೆಳಕನ್ನು ಚದುರಿಸಿ ಮಂಕಾಗಿ ಕಾಣುತ್ತದೆ. ಗಟ್ಟಿ ಉಕ್ಕು ಗುಳಿ ಬೀಳಲು ಬಿಡುವುದಿಲ್ಲ, ಕಪ್ಪಾಗಿ ಮಿನುಗುತ್ತದೆ. ಎರಡರ ನಡುವಿನ ಗೆರೆ ಎದ್ದು ಕಾಣುತ್ತದೆ. ಆ ಗೆರೆಗೋಸ್ಕರ ಜನ ದುಡ್ಡು ಸುರಿಯುವುದು, ಹರಿತಕ್ಕಲ್ಲ.

ಹಾಗಾದರೆ ವಿಜಿ-10? ಅದರಲ್ಲಿ ಕ್ರೋಮಿಯಂ ಕಾರ್ಬೈಡ್ ಅನ್ನುವ ಗಡಸು ಕಾಳುಗಳಿವೆ. ಅವು ಕ್ವಾರ್ಟ್ಸ್‌ಗಿಂತ ಗಟ್ಟಿ. ಮೇಷ್ಟ್ರು ಹೇಳಿದ ಕ್ವಾರ್ಟ್ಸ್ ಅವುಗಳ ಸುತ್ತಲಿನ ಉಕ್ಕನ್ನು ತೇಯುತ್ತದೆ, ಕಾಳನ್ನು ಮುಟ್ಟುವುದಿಲ್ಲ. ಅಲಗು ಕಲ್ಲಿನ ಮೇಲೆ ಜಾರಿದ ಹಾಗೆ ಅನ್ನಿಸುತ್ತದೆ. ಶಿರೊಗಾಮಿ ಇಂಗಾಲ ಬಿಟ್ಟು ಬೇರೆ ಹೆಚ್ಚೇನೂ ಬೆರೆಸದ ಉಕ್ಕು. ಈ ಕಲ್ಲಿಗೆ ಅದೇ ಜೋಡಿ. ಹಾಳಾಗಬಾರದು ಅಂತ ಬದಿಗಿಟ್ಟ ಚಾಕುವೇ ಬೇಕಾದ ಚಾಕು.

ಮಾಡುವ ಕ್ರಮ: 1000ದಲ್ಲಿ ಎರಡೂ ಬದಿ ಬರ್, ಅಂದರೆ ಅಂಚಿನಾಚೆ ಮಡಚಿಕೊಳ್ಳುವ ಉಕ್ಕಿನ ನವಿರು ಎಳೆ, ಏಳುವವರೆಗೆ ಮಸೆಯಿರಿ. ನಡುವೆ 3000 ಅಥವಾ 4000 ಇರಲಿ, 1000ದಿಂದ ನೇರ ಹಾರಬೇಡಿ. ಗಡಸು ತೊಮಾಯೆಗೆ 1000ದ ಗೀರು ಅಳಿಸಲು ಒಂದು ಮಧ್ಯಾಹ್ನವೇ ಬೇಕಾಗುತ್ತದೆ. ಆಮೇಲೆ ಈ ಕಲ್ಲಿನ ಮೇಲೆ ನಾಲ್ಕು ಹನಿ ನೀರು. ಡೈಮಂಡ್ ಪ್ಲೇಟ್ ಪಕ್ಕಕ್ಕಿಡಿ. ಅದೇ ಜಾತಿಯ ಸಣ್ಣ ಕಲ್ಲಿನ ತುಂಡಿನಿಂದ, ತೊಮೊನಗುರಾ ಅಂತಾರೆ, ಗಂಧ ತೇದ ಹಾಗೆ ತೇಯಿರಿ. ಕೆಸರು ಗಂಧದಷ್ಟೇ ಮಂದ ಇರಲಿ. ಅದನ್ನು ತೊಳೆಯಬೇಡಿ, ಕೆಲಸ ಮಾಡುವುದೇ ಅದು. ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಕಪ್ಪು ಬಂದದ್ದು ಉಕ್ಕಿನಿಂದ. ಒಣಗಿದರೆ ಒಂದು ಹನಿ ಸೇರಿಸಿ. ಬರಬರುತ್ತಾ ಒತ್ತಡ ಕಡಿಮೆ ಮಾಡಿ, ಕೊನೆಯ ಹತ್ತು ಸಲ ಚಾಕುವಿನ ತೂಕವೇ ಸಾಕು.

ಸಾವಿರಗ್ರಿಟ್

ಒಪ್ಪಿದೆ, ಆದರೆ ಒಂದು ತಿದ್ದುಪಡಿ. 'ಕಣ ಒಡೆದು ಒಡೆದು ನುಣುಪಾಗುತ್ತಾ ಹೋಗುತ್ತದೆ, ಅದಕ್ಕೇ ಒಂದು ಕಲ್ಲಿನಲ್ಲಿ ಹತ್ತು ಗ್ರಿಟ್ ಇದೆ' ಅಂತ ಮಾರುವವರು ಹೇಳುತ್ತಾರೆ. ಕೆಸರು ತೆಳುವಾದದ್ದು, ಕೈ ಹಗುರಾದದ್ದು, ಇವೆರಡೇ ಅರ್ಧಕ್ಕರ್ಧ ಕೆಲಸ ಮಾಡಿರುತ್ತವೆ. ಅದರ ಪುಣ್ಯವನ್ನೂ ಕಲ್ಲಿನ ಖಾತೆಗೆ ಬರೆಯಬೇಡಿ.

ಉಳಿಬಾಚಿ

ಇದಕ್ಕೆ ಜಗಳವಾಡಲ್ಲ. ನನ್ನ ಉಳಿಗಳನ್ನು ದಿನಾ ಮಸೆಯುವುದು ಕಾರ್ಖಾನೆ ಕಲ್ಲಿನಲ್ಲೇ. ಕನ್ನಾ ಅಂದರೆ ಜಪಾನಿ ಕೀಸುಳಿ, ಅದರ ಅಲಗಿಗೆ ಮಾತ್ರ ಕ್ಯೋಟೊ ಕಲ್ಲು. ಜಪಾನಿನಲ್ಲಿ ಬಡಗಿಗಳು ಹೆರೆಯುವ ಸ್ಪರ್ಧೆಯನ್ನೇ ಮಾಡುತ್ತಾರೆ, ಕೆಝುರೋಕಾಯ್ ಅಂತ. ಮರದ ಸಿಪ್ಪೆಯ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಹತ್ತು ಮೈಕ್ರಾನ್‌ಗಿಂತ ತೆಳು ಬರುವುದುಂಟು. ಹಿಡಿದರೆ ಆಚೆ ಇರುವವರ ಮುಖ ಕಾಣುತ್ತದೆ.

ನೊರೆಬ್ರಷ್

ಗಡ್ಡದ ಕತ್ತಿಯವರ ಲೋಕ ಬೇರೆ. ನಮಗೆ ಕಲ್ಲು ಎಷ್ಟು ಗಡಸೋ ಅಷ್ಟು ಇಷ್ಟ. ಆದರೆ ಗಡಸು ಕಲ್ಲು ತಾನಾಗಿ ಕೆಸರು ಬಿಡುವುದಿಲ್ಲ. ಅದಕ್ಕೆ ಐಚಿ ಕಡೆಯ ಮಿಕಾವಾ ನಗುರಾ ಅನ್ನುವ ಬಿಳಿ ಕಲ್ಲು ತೇಯುತ್ತೇವೆ. ಅದರಲ್ಲೂ ಪದರ ಪದರಕ್ಕೆ ಹೆಸರು: ಬೊಟಾನ್, ತೆಂಜೊ, ಮೆಜಿರೊ, ಕೊಮಾ. ಒರಟಿನಿಂದ ನುಣುಪಿಗೆ ಈ ಸಾಲು. ಅಂದರೆ ಅಡಿಯ ಕಲ್ಲು ಒಂದೇ, ಮೇಲಿನ ಕೆಸರು ಬದಲಾಗುತ್ತದೆ. ಕೊನೆಗೆ ತೊಮೊನಗುರಾ. ಅದಾದ ಮೇಲೆ ಚರ್ಮದ ಪಟ್ಟಿ, ಆಮೇಲೆ ಕೆನ್ನೆ. ಕೆನ್ನೆ ಸುಳ್ಳು ಹೇಳುವುದಿಲ್ಲ.

ಕೊಡಗಿನಮಳೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ತಾತನ ಕಾಲದ ಪೀಚೆಕತ್ತಿ ಇದೆ. ಅಲಗು ಮಂಕಾಗಿದೆ. ಈ ಕಲ್ಲಿನಲ್ಲಿ ಉಜ್ಜಿದರೆ ಜಪಾನಿ ಖಡ್ಗದ ಹಾಗೆ ಕಾಣುತ್ತದಾ?

ಕಾಮೊದಂಡೆ

ದಯವಿಟ್ಟು ಉಜ್ಜಬೇಡಿ. ಖಡ್ಗದಲ್ಲಿ ಕಾಣುವ ಆ ಅಲೆಯಂಥ ಗೆರೆ ಕಲ್ಲು ಬರೆದದ್ದಲ್ಲ. ಕಮ್ಮಾರ ಅಲಗಿಗೆ ಜೇಡಿಮಣ್ಣು ಬಳಿಯುತ್ತಾನೆ, ಬೆನ್ನಿಗೆ ದಪ್ಪ, ಅಂಚಿಗೆ ತೆಳು. ಕಾಯಿಸಿ ನೀರಿಗೆ ಅದ್ದಿದಾಗ ಅಂಚು ಬೇಗ ತಣಿದು ಗಡಸಾಗುತ್ತದೆ, ಬೆನ್ನು ಮೆದುವಾಗಿ ಉಳಿಯುತ್ತದೆ. ಆ ಎರಡರ ಗಡಿಯನ್ನು ಕಲ್ಲು ತೋರಿಸುತ್ತದೆ ಅಷ್ಟೆ. ನಿಮ್ಮ ಕತ್ತಿಯನ್ನು ಹಾಗೆ ಮಾಡಿರದಿದ್ದರೆ ಎಷ್ಟು ಉಜ್ಜಿದರೂ ಕಾಣುವುದು ಹೊಸ ಗೀರು ಮಾತ್ರ. ಹಳೆಯ ಮೈ ಒಮ್ಮೆ ಹೋದರೆ ಹೋಯಿತು. ಒಣ ಬಟ್ಟೆ, ಒಂದು ಹನಿ ಎಣ್ಣೆ ಸಾಕು.

ಖಡ್ಗ ಮಸೆಯುವವನನ್ನು ಇಲ್ಲಿ ತೊಗಿಶಿ ಅಂತಾರೆ. ಒಂದು ಪ್ರದರ್ಶನದಲ್ಲಿ ಅರ್ಧ ದಿನ ಕೂತು ನೋಡಿದ್ದೇನೆ. ಕಲ್ಲು ಅಲುಗಾಡದಂತೆ ಮರದ ಹಿಡಿಕೆಯೊಂದನ್ನು ಕಾಲಲ್ಲಿ ತುಳಿದು ಕುಕ್ಕರಗಾಲಲ್ಲಿ ಕೂರುತ್ತಾನೆ. ಒಂದಾದ ಮೇಲೊಂದು ಬಳಸುವ ಕಲ್ಲುಗಳು ಇವು: ಬಿನ್ಸುಯಿ, ಕೈಸೆಯಿ, ಚೂ ನಗುರಾ, ಕೊಮಾ ನಗುರಾ, ಆಮೇಲೆ ಉಚಿಗುಮೊರಿ. ಕಲ್ಲು ಬದಲಾದಾಗಲೆಲ್ಲ ಉಜ್ಜುವ ದಿಕ್ಕನ್ನೂ ಬದಲಿಸುತ್ತಾನೆ, ಹಿಂದಿನ ಗೀರು ಪೂರ್ತಿ ಹೋಯಿತಾ ಅಂತ ಗೊತ್ತಾಗಲು. ಅದಾದ ಮೇಲೆ ನನಗೆ ತಮಾಷೆ ಅನ್ನಿಸಿದ ಭಾಗ. ಉಚಿಗುಮೊರಿಯ ಉಗುರಿನಷ್ಟು ಅಗಲದ ಚೂರನ್ನು ಕಾಗದದಷ್ಟು ತೆಳ್ಳಗೆ ತೇದು, ಹಿಂದೆ ಕೈಕಾಗದ ಅಂಟಿಸಿರುತ್ತಾರೆ. ಅದನ್ನು ಹೆಬ್ಬೆರಳ ಕೆಳಗಿಟ್ಟು ಅಂಚಿನ ಕಡೆ ತಿಕ್ಕುತ್ತಾರೆ. ಇದು ಹಝುಯಾ. ನರುತಾಕಿ ಕಲ್ಲಿನ ಚೂರು ಮೈಗೆ, ಅದು ಜಿಝುಯಾ. ಖಡ್ಗದ ಉದ್ದಕ್ಕೂ ಹೆಬ್ಬೆರಳಲ್ಲೇ! ಆಮೇಲೆ ಕಬ್ಬಿಣದ ಕಿಟ್ಟದ ಪುಡಿ ಬೆರೆಸಿದ ಎಣ್ಣೆಯನ್ನು ಕಾಗದದಲ್ಲಿ ಸೋಸಿ ಹತ್ತಿಯಿಂದ ಒರೆಸುವುದು. ಹೊನಾಮಿ ಮನೆತನ ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಅಕ್ಷರ ಬರವಣಿಗೆಗೂ ಚಹಾ ಬಟ್ಟಲಿಗೂ ಹೆಸರಾದ ಹೊನಾಮಿ ಕೊಯೆತ್ಸು (1558–1637) ಇದೇ ಮನೆಯವನು.

ಕೊಡಗಿನಮಳೆ

ಸರಿ, ಬಟ್ಟೆ ಮತ್ತು ಎಣ್ಣೆ. ತಾತ ಉಳಿದರು.

ಹೊಸಅಲಗು

ನಾಲ್ಕು ದಿನದ ನಂತರ ಬಂದೆ. ಕಲ್ಲು ಒಣಗಿಸಿ ವಾರ್ನಿಶ್ ಹಚ್ಚಿದೆ, ಬಿರುಕು ಬಿಟ್ಟಿಲ್ಲ. ಬ್ರಷ್ ಹಾಕಿ ತೊಳೆದೆ. ನಕಿರಿ ಹಿಡಿದೆ. ತೊಮೊನಗುರಾ ಇರಲಿಲ್ಲ, ಪಳಗಿಸಿದ ಪ್ಲೇಟಿನಿಂದಲೇ ತುಂಬಾ ಹಗುರವಾಗಿ ಕೆಸರು ಎಬ್ಬಿಸಿದೆ. ಮಂಜು ಬಂತು! ಮೆದು ಕಬ್ಬಿಣ ಬೂದು, ಅಂಚು ಕಪ್ಪು. ಕಣ್ಣಲ್ಲಿ ನೀರು ಬಂತು ಅಂದರೆ ಜಾಸ್ತಿಯಾಯಿತು, ಆದರೆ ಹತ್ತಿರ ಹತ್ತಿರ.

ಆದರೆ ಗೀರು ಪೂರ್ತಿ ಹೋಗಿಲ್ಲ. ಮೊದಲಿನಷ್ಟಿಲ್ಲ, ನಾಲ್ಕೈದು ಇವೆ. ಈಗ ಗಮನಿಸಿದೆ, ಕಲ್ಲಿನ ಎಡ ಅಂಚಿನ ಹತ್ತಿರ ಉಜ್ಜಿದಾಗ ಮಾತ್ರ ಬೀಳುತ್ತವೆ.

ಉಳಿಬಾಚಿ

ಆ ಜಾಗದಲ್ಲಿ ಕೂದಲೆಳೆಯಂಥ ಗೆರೆ ಇದೆಯಾ? ಕಂದು ಅಥವಾ ಕಪ್ಪು ಬಣ್ಣದ್ದು?

ಹೊಸಅಲಗು

ಇದೆ. ಓರೆಯಾಗಿ, ಸುಮಾರು ಮೂರು ಸೆಂಟಿಮೀಟರ್. ಕಲ್ಲಿನ ಅಂದ ಅಂದುಕೊಂಡಿದ್ದೆ.

ಉಳಿಬಾಚಿ

ಅದರ ಹೆಸರು ಸುಜಿ. ಸೂಜಿ ಅಲ್ಲ, ಸುಜಿ, ಜಪಾನಿಯಲ್ಲಿ ಗೆರೆ ಅಂತ. ಕೆಲಸ ಮಾತ್ರ ಸೂಜಿಯದೇ.

ಕಲ್ಲು ಬಿರುಕು ಬಿಟ್ಟ ಕಡೆ ಬೇರೆ ಖನಿಜ ತುಂಬಿಕೊಂಡು ಆಗುತ್ತದೆ. ಎಲ್ಲ ಸುಜಿಯೂ ಕೆಟ್ಟದ್ದಲ್ಲ, ಹೆಚ್ಚಿನವು ಸುಮ್ಮನೆ ಇರುತ್ತವೆ. ಪರೀಕ್ಷೆ ಹೀಗೆ. ಒದ್ದೆ ಕಲ್ಲಿನ ಮೇಲೆ ಉಗುರನ್ನು ಗೆರೆಗೆ ಅಡ್ಡ ಎಳೆಯಿರಿ, ತಡೆಯುತ್ತದಾ ನೋಡಿ. ಆಮೇಲೆ ಹಳೇ ಚಾಕುವಿನ ಬೆನ್ನನ್ನು ಮೆಲ್ಲಗೆ ಎಳೆಯಿರಿ. ಬರೀ ಕಲ್ಲಿನ ಮೇಲೆ 'ಸ್ಸ್' ಅನ್ನುತ್ತದೆ. ಕೆಟ್ಟ ಗೆರೆ ದಾಟುವಾಗ 'ಕಿರ್' ಅನ್ನುತ್ತದೆ. ಹಾಗೆ ಅಂದರೆ ಮಾತ್ರ ಮೊಳೆಯ ತುದಿಯಿಂದ ಆ ಗೆರೆಯನ್ನಷ್ಟೇ ಕೆರೆದು ತೆಗೆಯಿರಿ, ಅರ್ಧ ಮಿಲಿಮೀಟರ್ ಆಳ ಸಾಕು. ಕಲ್ಲು ಒದ್ದೆ ಇರಲಿ, ಸಿಲಿಕಾ ಧೂಳು ಎದೆಗೆ ಒಳ್ಳೆಯದಲ್ಲ. ಕಲ್ಲು ಸವೆದು ಆ ಆಳಕ್ಕೆ ಬಂದಾಗ ಮತ್ತೆ ಕೆರೆಯಿರಿ.

ಸಾವಿರಗ್ರಿಟ್

ದುಡ್ಡು ಕೊಟ್ಟು ತಂದ ಕಲ್ಲನ್ನು ಮೊಳೆಯಿಂದ ಕೆರೆಯುವುದು. ನಾನು ಏನೂ ಹೇಳುತ್ತಿಲ್ಲ.

ಹೊಸಅಲಗು

'ಕಿರ್' ಅಂತು. ಎರಡು ಇಂಚಿನ ಮೊಳೆ, ಇಪ್ಪತ್ತು ನಿಮಿಷ, ಕೈ ನಡುಗುತ್ತಿತ್ತು. ಆಮೇಲೆ ಮತ್ತೆ ಮಸೆದೆ. ಗೀರು ಇಲ್ಲ. ಒಂದೂ ಇಲ್ಲ!

ಟೊಮೆಟೊ ಕೂಡ ಹೆಚ್ಚಿದೆ. ನಿಜ ಹೇಳುತ್ತೇನೆ, ಸಿಪ್ಪೆ ಕಚ್ಚುವುದು 1000ದ ಅಂಚೇ ಚೆನ್ನ. ಇದು ಈರುಳ್ಳಿಗೆ, ಎಲೆಕೋಸಿಗೆ ಬೆಣ್ಣೆ. ಸಾವಿರಗ್ರಿಟ್ ಅವರಿಗೆ ಅರ್ಧ ಅಂಕ.

ಸಾವಿರಗ್ರಿಟ್

ಮುಕ್ಕಾಲು ಕೊಡಿ.

ಕಾಮೊದಂಡೆ

ನಕಿರಿಯ ಮೈಯಲ್ಲಿ ಅಲ್ಲಲ್ಲಿ ಕಲ್ಲು ಮುಟ್ಟದ ತಗ್ಗು ಉಳಿದಿರುತ್ತದೆ. ಅದಕ್ಕೆ ಕೊಪ್ಪ ತರಿಸಿಕೊಳ್ಳಿ. ಚಿಕ್ಕಮಗಳೂರಿನ ಕೊಪ್ಪ ಅಲ್ಲ ಮಾರಾಯ್ರೆ, ಇಲ್ಲಿ ಗಣಿಯ ಚೂರುಪಾರು ಕಲ್ಲಿಗೆ ಕೊಪ್ಪ ಅಂತಾರೆ. ಅಂಕುಡೊಂಕು ಆಕಾರ, ಬೆಲೆ ಕಡಿಮೆ. ಒಂದನ್ನು ತೊಮೊನಗುರಾ ಮಾಡಿಕೊಳ್ಳಬಹುದು, ಇನ್ನೊಂದರಿಂದ ತೆಳು ಚೂರು ಎಬ್ಬಿಸಿ ಬೆರಳ ಕಲ್ಲು. ಅಂಚು ದುಂಡಗೆ ತೇದುಕೊಳ್ಳಿ, ಇಲ್ಲದಿದ್ದರೆ ಮತ್ತೆ ಗೀರಿನ ಕಥೆ. ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ, ಒಂದೆರಡು ತರುತ್ತೇನೆ.

ಹೊಸಅಲಗು

ತನ್ನಿ, ಖಂಡಿತ ತನ್ನಿ. ತುರ್ತಾಗಿ ಬೇಕಾಗಿದೆ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ನಕಿರಿ ಒಲೆಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿದೆ. ಅಮ್ಮ ಹೇಳಿದರು, 'ಎಷ್ಟು ಹೊತ್ತು ಉಜ್ಜಿದ್ದೀಯ, ಆದರೂ ಬೂದಿ ಬಳಿದ ಹಾಗೆ ಮಂಕಾಗೇ ಇತ್ತು. ನಾನು ಸ್ಟೀಲ್ ನಾರು ಹಾಕಿ ತಿಕ್ಕಿದೆ, ನೋಡು ಈಗ.'

ಉಳಿಬಾಚಿ

ಅಂಚಿಗೆ ನಾರು ತಾಗಿದೆಯಾ ನೋಡಿ. ತಾಗಿಲ್ಲ ಅಂದರೆ 3000ದಿಂದ ಶುರು ಮಾಡಿ, ಅರ್ಧ ಗಂಟೆಯ ಕೆಲಸ. ಅಮ್ಮನ ಕೈಗೆ ಆ ವಿಜಿ-10 ಕೊಡಿ.